ಚಿಕ್ಕಮ್ಮನ ದವಡೆ, ಚಿಕ್ಕಪ್ಪನ ಬಿಸಿ

ನಮ್ಮ ಚಿಕ್ಕಪ್ಪ ಬೆಂಕಿಯನ್ನು ನಂಬಿದಷ್ಟು ದೇವರನ್ನೂ ನಂಬಿದವರಲ್ಲ. ಗುಜರಾತಿನ ಸೂರತ್ತಿನ ಬಳಿಯ ಹಜೀರಾದ ಕಾರ್ಖಾನೆಯೊಂದರಲ್ಲಿ ಅವರು ಫಿಟ್ಟರ್. ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಜಗ್ಗದ ನಟ್ಟನ್ನು ಹದವಾಗಿ ಕಾಯಿಸಿ, ಆರಲು ಬಿಟ್ಟು, ಆಮೇಲೆ ಸಲೀಸಾಗಿ ತಿರುಗಿಸಿ ತೆಗೆಯುವುದು ಅವರ ಕಸುಬು. ಆ ಕಸುಬನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯಿತೇ? ಬಿಸಿ. ಲೋಟದೊಳಗೆ ಲೋಟ ಸಿಕ್ಕಿಕೊಂಡಿತೇ? ಬಿಸಿ. ಒಮ್ಮೆ ಕಾಲೊನಿಯ ಪಕ್ಕದ ಮನೆಯವರ ಕಬ್ಬಿಣದ ಕಪಾಟಿನ ಬೀಗಕ್ಕೂ ಬಿಸಿ ತೋರಿಸಿದರು. ಒಳಗಿದ್ದ ಎರಡು ರೇಷ್ಮೆ ಸೀರೆ ಕಂದು ಬಣ್ಣಕ್ಕೆ ತಿರುಗಿದವು. ಬೀಗವಂತೂ ತೆರೆಯಿತಲ್ಲ ಎಂದು ಚಿಕ್ಕಪ್ಪ ಈಗಲೂ ವಾದಿಸುತ್ತಾರೆ.

ಇಂಥವರ ಹೆಂಡತಿಯ ದವಡೆಯಲ್ಲೇ ಒಂದು ಸ್ಕ್ರೂ ಸಿಕ್ಕಿಕೊಂಡಿತು! ಚಿಕ್ಕಮ್ಮನಿಗೆ ಸೂರತ್ತಿನಲ್ಲಿ ಇಂಪ್ಲಾಂಟ್ ಹಲ್ಲು ಹಾಕಿಸಿದ್ದರು. ಮೂಳೆಯೊಳಗೆ ಸ್ಕ್ರೂ, ಅದರ ಮೇಲೆ ಹಲ್ಲು. ಒಂದು ದಿನ ಆ ಹಲ್ಲು ಸ್ಕ್ರೂವಿನ ತುದಿಯನ್ನೂ ಮುರಿದುಕೊಂಡು ಕಳಚಿ ಬಂತು. ಬುಡ ಮೂಳೆಯಲ್ಲೇ ಕಚ್ಚಿಕೊಂಡು ಕೂತಿತು. ಸುತ್ತಲಿನ ಮೂಳೆ ಕೊರೆದೇ ತೆಗೆಯಬೇಕೆಂದರು ಅಲ್ಲಿಯ ಡಾಕ್ಟರು. ಚಿಕ್ಕಮ್ಮನ ಮೂಳೆ ಮೊದಲೇ ತೆಳು. ಕೊರೆದರೆ ಹೊಸ ಹಲ್ಲಿಗೆ ಜಾಗವೇ ಇರುವುದಿಲ್ಲ, ದವಡೆಯೇ ಮುರಿದರೂ ಮುರಿಯಬಹುದಂತೆ. ಚಿಕ್ಕಮ್ಮ ಊಟ ಬಿಟ್ಟು ಅಳುತ್ತಾ ಕೂತರು.

ಸ್ವಲ್ಪ ಬಿಸಿ ತೋರಿಸಿದರೆ ಸಾಕಲ್ಲವೇ ಎಂದು ಚಿಕ್ಕಪ್ಪ ಡಾಕ್ಟರಿಗೆ ಸಲಹೆ ಕೊಟ್ಟರು. ಡಾಕ್ಟರು ಅವರನ್ನು ಹೊರಗೆ ಕೂರಿಸಿದರು.

ನಾನಾಗ ವಡೋದರಾದಲ್ಲಿ ಓದುತ್ತಿದ್ದೆ. ಇಬ್ಬರನ್ನೂ ಅಲ್ಲಿನ ಫತೇಗಂಜ್ ಬಡಾವಣೆಯ ದಂತವೈದ್ಯರೊಬ್ಬರ ಬಳಿ ಕರೆದೊಯ್ದೆ. ಅಲ್ಲಿಯೂ ಚಿಕ್ಕಪ್ಪನದು ಅದೇ ಬಿಸಿಯ ಸಲಹೆ. ವೈದ್ಯರು ನನ್ನನ್ನು ಬದಿಗೆ ಕರೆದು, ನಿಮ್ಮ ಚಿಕ್ಕಪ್ಪ ಸರಿಯಾಗಿ ನಿದ್ದೆ ಮಾಡುತ್ತಾರಾ ಎಂದು ವಿಚಾರಿಸಿದರು.

ನಗದೆ ಕೇಳಿಸಿಕೊಂಡವರು ಆಮೇಲೆ ತೋರಿಸಿದ ಅಹಮದಾಬಾದಿನ ಡಾಕ್ಟರಮ್ಮ ಒಬ್ಬರೇ. ಇಂಥದ್ದೊಂದು ಕ್ರಮ ಈಚೆಗೆ ಶುರುವಾಗಿದೆ ಎಂದರು. ಬಾಯಿ ಮರಗಟ್ಟಿಸಿ, ವಿದ್ಯುತ್ತಿನ ಬಿಸಿ ಸೂಜಿಯನ್ನು ಸ್ಕ್ರೂಗೆ ಒಂದಿಷ್ಟು ಹೊತ್ತು ತಾಗಿಸುವುದು. ಸ್ಕ್ರೂಗೆ ಅಂಟಿದ ಮೂಳೆಯ ತೆಳು ಪದರವಷ್ಟೇ ಬಿಡುತ್ತದೆ. ಎರಡು ವಾರ ಕಾದು ತಿರುಗಿಸಿದರೆ ಕೊರೆಯದೆಯೇ ಬರುತ್ತದೆ. ಆದರೆ ಬಿಸಿ ಹೆಚ್ಚಾದರೆ ಉಳಿದ ಮೂಳೆಯೂ ಹಾಳು. ಖಾತ್ರಿ ಕೊಡಲಾರೆ ಎಂದರು. ಚಿಕ್ಕಪ್ಪ ಮೊದಲ ಮಾತನ್ನಷ್ಟೇ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಮೀಸೆ ತೀಡಿದರು.

ಚಿಕ್ಕಮ್ಮ ಒಪ್ಪಿ ಬಾಯಿ ತೆರೆದರು. ಸೂಜಿ ಹತ್ತಿರ ಬಂತು. ಚಿಕ್ಕಪ್ಪ ತಟಕ್ಕನೆ ಕೈ ಅಡ್ಡ ಹಿಡಿದರು.

“ಮೊದಲು ನನ್ನ ಬಾಯಿಗೆ ಇಟ್ಟು ನೋಡಿ” ಎಂದರು, ತಮ್ಮ ಹಜೀರಾ ಹಿಂದಿಯಲ್ಲಿ.

ನಿಮ್ಮ ಬಾಯಲ್ಲಿ ಸ್ಕ್ರೂ ಇಲ್ಲವಲ್ಲ ಎಂದರು ಡಾಕ್ಟರಮ್ಮ.

“ಹಾಗಾದರೆ ಒಂದು ಹಾಕಿ.”

ಕೊನೆಗೆ ಚಿಕ್ಕಮ್ಮನೇ, “ನೀವು ಒಮ್ಮೆ ಹೊರಗೆ ಹೋಗಿ ಮಾರಾಯ್ರೆ” ಎಂದು ಕಳುಹಿಸಿದರು. ಅವರು ಹೊರಗಿನಿಂದ ಬಾಗಿಲಿಗೆ ಕಿವಿ ಹಚ್ಚಿಕೊಂಡೇ ನಿಂತಿದ್ದರು. ಅಷ್ಟು ವರ್ಷ ನಾನು ನೋಡಿ ನಗುತ್ತಿದ್ದ ಮನುಷ್ಯನನ್ನು ಅವತ್ತು ತಬ್ಬಿಕೊಳ್ಳಬೇಕೆನ್ನಿಸಿತು.

ಸೂಜಿ ತಾಗಿಸಿ ಮುಗಿದ ಮೇಲೆ ಎರಡು ವಾರ ಮನೆಯಲ್ಲಿ ಬಿಸಿ ಎಂಬ ಮಾತೇ ಇಲ್ಲ. ಗಂಜಿಯನ್ನು ಬೀಸಣಿಗೆ ಹಿಡಿದು ಆರಿಸಿ, ತಮ್ಮ ತುಟಿಗೆ ಹಚ್ಚಿ ನೋಡಿ, ಆಮೇಲೆ ಚಿಕ್ಕಮ್ಮನಿಗೆ ಕೊಡುತ್ತಿದ್ದರು.

ಮತ್ತೆ ಅಹಮದಾಬಾದಿಗೆ ಹೋದೆವು. ಡಾಕ್ಟರಮ್ಮ ಮೆಲ್ಲಗೆ ತಿರುಗಿಸಿದರು. ಸ್ಕ್ರೂ ಬಂತು, ಮೂಳೆ ಉಳಿಯಿತು. ಅವರು ಅದನ್ನು ತೋರಿಸಿದರೆ ಚಿಕ್ಕಪ್ಪ ಅತ್ತ ನೋಡಲೇ ಇಲ್ಲ.

“ಅವತ್ತು ಉರೀತಾ ನಿಂಗೆ?” ಎಂದು ಹೆಂಡತಿಯನ್ನು ಕೇಳಿದರು.

ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದ ಚಿಕ್ಕಮ್ಮ ಮಾತಾಡಲಾಗದೆ, ಸೆರಗಿನಿಂದ ಗಂಡನ ಕಣ್ಣು ಒರೆಸಿದರು.