ಕಣ್ಣಳತೆಯ ಉಪ್ಪು

ಬಾಲರಾಜ್ ಅವರಿಗೆ ನಿವೃತ್ತಿಯಾಗಿ ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳಲ್ಲಿ ಅವರ ದರ್ಜೆ ಇಳಿದು ಇಳಿದು ಎಲ್ಲಿಗೆ ಬಂದಿತ್ತೆಂದರೆ, ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಮಿಕ್ಸಿಗಿದ್ದ ಮರ್ಯಾದೆಯೂ ಅವರಿಗಿರಲಿಲ್ಲ. ಮಿಕ್ಸಿ ಗುರ್ರೆಂದರೆ ಅವರ ಹೆಂಡತಿ ಸರಳಾ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಾಲರಾಜ್ ಗುರ್ರೆಂದರೆ, "ಸುಮ್ನಿರ್ರೀ, ಹಾಲುಕ್ಕತ್ತೆ" ಎನ್ನುತ್ತಿದ್ದರು. ಯಶವಂತಪುರದ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತೆರಡು ವರ್ಷ ನಟ್ಟು ಬೋಲ್ಟುಗಳ ಸಾಮ್ರಾಜ್ಯವನ್ನಾಳಿದ ಮನುಷ್ಯ! ಅವರ ರುಜುವಿಲ್ಲದೆ ಒಂದು ವಾಷರ್ ಕೂಡ ಗೇಟು ದಾಟುತ್ತಿರಲಿಲ್ಲ. ಈಗ ಅವರೇ ಗೇಟು ದಾಟಬೇಕಾದರೆ ಸರಳಾ ಅವರ ಅಪ್ಪಣೆ ಬೇಕಿತ್ತು.

ಹೀಗಿರುವಾಗ ಒಂದು ದಿನ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಿದ್ದಾಗ (ಅಲ್ಲಿ ಬಸ್ಸು ಓಡಿದ್ದರೆ ಅದು ಸುದ್ದಿ) ಪಕ್ಕದವರ ಪೇಪರಿನಲ್ಲಿದ್ದ ಪ್ರಕಟಣೆಯೊಂದು ಅವರ ಕಣ್ಣಿಗೆ ಬಿತ್ತು. ಆರ್.ಟಿ. ನಗರದಲ್ಲಿ ದೃಷ್ಟಿಯಿಲ್ಲದವರಿಗಾಗಿ ಒಂದು ಗ್ರಂಥಾಲಯವಿದೆಯಂತೆ. ಪುಸ್ತಕವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕೊಟ್ಟರೆ ಅದು ಗಟ್ಟಿಯಾಗಿ ಓದಿ ಹೇಳುತ್ತದಂತೆ. ಆದರೆ ಸ್ಕ್ಯಾನ್ ಮಾಡುವಾಗ ಅಕ್ಷರಗಳು ಅದಲುಬದಲಾಗುವುದರಿಂದ, ಕೂತು ತಿದ್ದಲು ಸ್ವಯಂಸೇವಕರು ಬೇಕಂತೆ. ತಿದ್ದುವುದು! ಆ ಪದ ಓದಿಯೇ ಬಾಲರಾಜ್ ಅವರ ಬೆನ್ನು ನೆಟ್ಟಗಾಯಿತು.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ನಂದಿತಾ ಎಂಬ ಹುಡುಗಿ ಕೆಲಸ ವಿವರಿಸಿದಳು. "ಒಂದೇ ರೂಲ್ ಸಾರ್. ಎಡಗಡೆ ಪುಟದ ಫೋಟೋ ಇರತ್ತೆ, ಬಲಗಡೆ ಮೆಷಿನ್ ಓದಿದ್ದು. ಎಡಗಡೆ ಏನಿದೆಯೋ ಬಲಗಡೆ ಅದೇ ಇರ್ಬೇಕು. ದಯವಿಟ್ಟು ಸ್ವಂತ ಬುದ್ಧಿ ಉಪಯೋಗಿಸ್ಬೇಡಿ."

ಮನೆಗೆ ಬಂದು ಇದನ್ನು ಹೇಳಿದಾಗ ಸರಳಾ ತಲೆದೂಗಿದರು. "ಸರಿಯಾದ ಜನಾನೇ ಹುಡುಕಿದ್ದಾರೆ ಬಿಡಿ."

ಮನೆಯ ಕಂಪ್ಯೂಟರಿನಲ್ಲೇ ಕೂತು ತಿದ್ದುವ ಕೆಲಸ. ಮೊದಲು ಸಿಕ್ಕಿದ್ದು ಅಡಿಗೆ ಪುಸ್ತಕ. ಗೃಹವಿಜ್ಞಾನದ ಟೀಚರೊಬ್ಬರು ಬರೆದದ್ದು, ನಲವತ್ತೆರಡು ಅಡಿಗೆ. "ಸೊಪ್ಪು ಬಿಡಿಸಿ ಸಣ್ಣಗೆ ಹೆಚ್ಚಿ" ಎಂದಿದ್ದುದನ್ನು ಮೆಷಿನ್ನು "ಸೋಪು ಬಿಡಿಸಿ ಸಣ್ಣಗೆ ಹೆಚ್ಚಿ" ಎಂದು ಓದಿತ್ತು. ಬಾಲರಾಜ್ ತಿದ್ದಿದರು. ಒಂದು ಲೋಟ ಹಾಲು ಇರಬೇಕಾದಲ್ಲಿ ಒಂದು ಲೋಟ ಹಲ್ಲು ಇತ್ತು. ಅದನ್ನೂ ತಿದ್ದಿದರು. ಎಷ್ಟು ಹೊಟ್ಟೆಗಳನ್ನು ಕಾಪಾಡಿದೆನೋ ಎಂದು ಕಾಲರ್ ಸರಿಮಾಡಿಕೊಂಡು ಕೂತಿದ್ದಾಗ, ಅವರೆಕಾಯಿಯ ಮೊರ ಹಿಡಿದ ಸರಳಾ ಹಿಂದೆ ಬಂದು ನಿಂತರು.

"ಏನ್ರೀ ಇದು? ಬಸ್ಸಾರಿಗೆ ಮುಕ್ಕಾಲು ಚಮಚ ಉಪ್ಪು ಅಂತೆ! ಉಪ್ಪನ್ನ ಯಾರಾದ್ರೂ ಚಮಚದಲ್ಲಿ ಅಳೀತಾರಾ?"

"ಪುಸ್ತಕದಲ್ಲಿ ಹಂಗಿದೆ."

"ಬೆಳ್ಳುಳ್ಳಿ ಎರಡು ನಿಮಿಷ ಹುರೀಬೇಕಂತೆ. ಕೆಂಪಗಾಗೋದು ನೋಡೋದು ಬಿಟ್ಟು ಗಡಿಯಾರ ನೋಡ್ಕೊಂಡು ನಿಂತ್ಕೊಳೋದಾ? ಈ ಟೀಚರಮ್ಮ ಒಲೆ ಮುಂದೆ ನಿಂತೋಳಲ್ಲ ಕಣ್ರೀ. ತೆಗೀರಿ ಅದನ್ನ."

"ತೆಗೆಯೋ ಹಾಗಿಲ್ಲ ಸರಳಾ. ರೂಲು."

"ಪಾಪ, ಕಣ್ಣಿಲ್ಲದವರಿಗೆ ತಪ್ಪು ಅಡಿಗೆ ಹೇಳ್ಕೊಟ್ರೆ ನಿಮ್ಮ ರೂಲು ಪಾಪ ತೊಳೆಯತ್ತಾ?"

ಬಾಲರಾಜ್ ಮಣಿಯಲಿಲ್ಲ. ಆ ದಿನ ಮಧ್ಯಾಹ್ನಕ್ಕೆ ಬೆಳಗಿನ ಉಪ್ಪಿಟ್ಟು ಬಂತು, ರಾತ್ರಿಗೆ ಮಧ್ಯಾಹ್ನದ ಉಪ್ಪಿಟ್ಟು ಬಂತು. ಮಾರನೆಯ ದಿನ ಬಂದದ್ದು ಯಾವ ದಿನದ ಉಪ್ಪಿಟ್ಟೆಂದು ಹೇಳುವುದು ಇತಿಹಾಸಕಾರರಿಗೂ ಕಷ್ಟವಿತ್ತು. ಮೂರನೆಯ ದಿನ ಸಾಮ್ರಾಜ್ಯ ಶರಣಾಯಿತು. ಸರಳಾ ಹೇಳುತ್ತಾ ಹೋದರು, ಬಾಲರಾಜ್ ಒತ್ತುತ್ತಾ ಹೋದರು. ಮುಕ್ಕಾಲು ಚಮಚ ಉಪ್ಪು ಹೋಗಿ "ಕಣ್ಣಳತೆಯಲ್ಲಿ ಉಪ್ಪು" ಬಂತು. ಎರಡು ನಿಮಿಷ ಹೋಗಿ "ಕೆಂಪಗಾಗುವವರೆಗೆ" ಬಂತು. ನಲವತ್ತೆರಡು ಅಡಿಗೆಗಳಲ್ಲಿ ಒಂದೇ ಒಂದು ಚಮಚವೂ ಉಳಿಯಲಿಲ್ಲ. ಆ ದಿನ ರಾತ್ರಿ ಮುದ್ದೆ, ಅವರೆಕಾಳು ಸಾರು.

ಒಂಬತ್ತೇ ದಿನದಲ್ಲಿ ಪುಸ್ತಕ ಮುಗಿದದ್ದು ನೋಡಿ ನಂದಿತಾ ಹಿಗ್ಗಿದಳು. ಉಗ್ರಾಣದಲ್ಲಿದ್ದವರು, ಲೆಕ್ಕ ತಪ್ಪುವವರಲ್ಲ ಎಂದು ನಂಬಿ, ಇನ್ನೊಬ್ಬರಿಂದ ನೋಡಿಸದೆಯೇ ಓದುಗರಿಗೆ ಕಳಿಸಿಬಿಟ್ಟಳು. ತಿಂಗಳು ಕಳೆಯುವುದರೊಳಗೆ ಗ್ರಂಥಾಲಯದ ವಾರ್ಷಿಕೋತ್ಸವ ಬಂತು. ವರ್ಷದ ಅತ್ಯುತ್ತಮ ಸ್ವಯಂಸೇವಕರೆಂದು ಬಾಲರಾಜ್ ಅವರಿಗೆ ಸನ್ಮಾನ! ಸರಳಾ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು. ವೇದಿಕೆಯ ಮೇಲೆ ಬಾಲರಾಜ್ ಅವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿವೃತ್ತಿಯ ದಿನದಿಂದಿದ್ದ ಹಸಿವು ಒಂದೇ ಸಲಕ್ಕೆ ತೀರಿದಂತಾಗಿ ಅವರು ಶಾಲಿನ ಅಂಚನ್ನು ಮತ್ತೆ ಮತ್ತೆ ಸರಿಮಾಡಿಕೊಂಡರು.

"ಈಗ ನಮ್ಮ ಓದುಗರೊಬ್ಬರು ಮಾತಾಡ್ತಾರೆ" ಎಂದಳು ನಂದಿತಾ. ಬಿಳಿ ಕೋಲು ಹಿಡಿದು ಒಬ್ಬ ಯುವತಿ ಮೈಕಿನ ಮುಂದೆ ಬಂದಳು. ಹೆಸರು ತಾಹೆರಾ, ಬ್ಯಾಂಕಿನಲ್ಲಿ ಕೆಲಸ, ಮದುವೆಯಾಗಿ ಒಂದು ವರ್ಷ. ಹುಟ್ಟಿನಿಂದಲೂ ದೃಷ್ಟಿಯಿಲ್ಲ.

"ಆ ಅಡಿಗೆ ಪುಸ್ತಕ ಬೇಕು ಅಂತ ಕೇಳಿದ್ದೇ ನಾನು. ಅದರಲ್ಲಿ ಎಲ್ಲಾ ಚಮಚದಲ್ಲಿ, ನಿಮಿಷದಲ್ಲಿ ಬರೆದಿದ್ದಾರೆ ಅಂತ ಕೇಳಿದ್ದೆ. ಚಮಚ ಕೈಗೆ ಸಿಗತ್ತೆ. ನಿಮಿಷ ಆಯ್ತು ಅಂತ ಫೋನ್ ಹೇಳತ್ತೆ. ನಮಗಿನ್ನೇನ್ ಬೇಕು?"

ಬಾಲರಾಜ್ ಅವರಿಗೆ ಉಗ್ರಾಣದಲ್ಲಿ ಎಲ್ಲೋ ಒಂದು ಕಪಾಟು ಉರುಳುತ್ತಿರುವಂತೆ ಅನಿಸಿತು, ಆದರೆ ಯಾವುದೆಂದು ತಕ್ಷಣ ಗೊತ್ತಾಗಲಿಲ್ಲ.

"ನಮ್ಮತ್ತೆ ಮೆಹಬೂಬ್ ಬೀ ರಾಜಾನುಕುಂಟೆ ಕಡೆಯವರು, ಬಸ್ಸಾರು ಅಂದ್ರೆ ಪ್ರಾಣ. ಆದ್ರೆ ನನ್ನನ್ನ ಒಲೆ ಹತ್ರ ಬಿಡಲ್ಲ. ಅವರು ಊರಿಗೆ ಹೋಗಿದ್ದಾಗ ಮಾಡಿಟ್ಟು, ಬಂದ್ಮೇಲೆ ತೋರಿಸೋಣ ಅಂತ ಫೋನಲ್ಲಿ ಪುಸ್ತಕ ಹಾಕ್ಕೊಂಡೆ. ಕೇಳಿ."

ಅವಳು ಫೋನು ಒತ್ತಿದಳು. ಯಂತ್ರದ ಧ್ವನಿ ಸಭೆಯ ತುಂಬ ಮೊಳಗಿತು: "ಉಪ್ಪನ್ನು ಕಣ್ಣಳತೆಯಲ್ಲಿ ಹಾಕಿ. ಬೆಳ್ಳುಳ್ಳಿಯನ್ನು ಕೆಂಪಗಾಗುವವರೆಗೆ ನೋಡುತ್ತಾ ಹುರಿಯಿರಿ. ಎಣ್ಣೆ, ನೋಡಿಕೊಂಡು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಪ್ಪು ಕನ್ನಡಕದ ಸಾಲುಗಳು, ಬಿಳಿ ಕೋಲಿನ ಸಾಲುಗಳು, ಎಲ್ಲ ಸೇರಿ ಹೊಟ್ಟೆ ಹಿಡಿದುಕೊಂಡು ನಕ್ಕವು. "ಯಾರ ಕಣ್ಣು ಗುರು? ಪಕ್ಕದ ಮನೆಯವ್ರದ್ದಾ?" ಎಂದು ಒಬ್ಬ ಕೂಗಿದ.

ಬಾಲರಾಜ್ ಅವರಿಗೆ, ಹೊದಿಸಿದ ಶಾಲನ್ನು ತಾವೇ ತೆಗೆಯಬಹುದೇ, ಹೊದಿಸಿದವರೇ ತೆಗೆಯುವವರೆಗೆ ಕಾಯಬೇಕೇ ಎಂದು ತಿಳಿಯಲಿಲ್ಲ. ಸಹಾಯಕ್ಕೆಂದು ಮೊದಲ ಸಾಲಿನತ್ತ ನೋಡಿದರು. ಸರಳಾ ಬಹಳ ಶ್ರದ್ಧೆಯಿಂದ ಸಭಾಂಗಣದ ಫ್ಯಾನು ನೋಡುತ್ತಿದ್ದರು.

ತಾಹೆರಾ ಮಾತ್ರ ನಗಲಿಲ್ಲ. "ನಮ್ಮತ್ತೆ ಒಂದು ತುತ್ತು ತಿಂದು ನೀರು ಕುಡಿದ್ರು. ಭಾನುವಾರ ಇನ್ನೊಂದ್ಸಲ ನೋಡ್ತೀನಿ, ಆಗ್ಲೂ ಇಂಗೇ ಆದ್ರೆ ಒಲೆ ಕಡೆ ತಿರುಗಿ ನೋಡ್ಬೇಡ ಅಂದ್ರು. ನಂಗೆ ಆ ಚಮಚ ವಾಪಸ್ ಬೇಕು ಸಾರ್."

ಬಾಲರಾಜ್ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಎರಡು ದಿನದ ಉಪ್ಪಿಟ್ಟಿಗೆ ಹೆದರಿ ಈ ಹೆಣ್ಣುಮಗಳ ಅಡಿಗೆಮನೆ ಕಸಿದುಕೊಂಡೆನಲ್ಲ ಎಂದು ಸಂಕಟವಾಯಿತು. ಎದ್ದು ಮೈಕು ಹಿಡಿದರು. ಹೆಂಡತಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡರು. (ಔದಾರ್ಯವೋ ಭಯವೋ, ವಿಚಾರಿಸುವುದು ಬೇಡ.)

"ತಪ್ಪು ನಂದೇ ತಾಯಿ. ಶನಿವಾರ ನಮ್ಮನೆಗೆ ಬನ್ನಿ. ನಮ್ಮ ಮನೆಯವರ ಕೈಲಿ ಅಡಿಗೆ ಮಾಡಿಸಿ, ನಿಮ್ಮೆದುರಿಗೇ ಸರಿಮಾಡ್ತೀನಿ."

ಶನಿವಾರ ತಾಹೆರಾ ತನ್ನದೇ ಅಳತೆಯ ಚಮಚಗಳ ಗೊಂಚಲು ಹಿಡಿದು ಬಂದಳು. ಸರಳಾ ಸೊಪ್ಪು ಕಾಳು ಬೇಯಿಸಿ, ಬಸಿದು, ಸಾರು ಕುದಿಯಲಿಟ್ಟಿದ್ದರು. ಟೀಚರಮ್ಮನ ಚಮಚಕ್ಕೂ ತಮ್ಮ ಕೈಗೂ ಅಜಗಜಾಂತರ ಇರುವುದು ಇಂದು ಲೋಕಕ್ಕೇ ಗೊತ್ತಾಗಲಿ ಎಂಬ ಠೀವಿಯಿಂದ ಡಬ್ಬಕ್ಕೆ ಕೈಹಾಕಿ ಉಪ್ಪು ತೆಗೆದರು.

"ಒಂದ್ನಿಮಿಷ ಆಂಟಿ, ಇದರೊಳಗೆ ಹಾಕಿ" ಎಂದು ತಾಹೆರಾ ಚಮಚ ಒಡ್ಡಿದಳು. ಬೆರಳಿನಿಂದ ಸವರಿ ನೋಡಿದಳು. "ಅರ್ಧ ಚಮಚ ತುಂಬಿತು. ಕಾಲು ಚಮಚಾನೂ ತುಂಬಿತು. ಕೈಯಲ್ಲಿ ಇನ್ನೂ ಇದೆಯಾ?"

ಸರಳಾ ಅಂಗೈ ನೋಡಿಕೊಂಡರು. ಖಾಲಿ. ಒಂದು ಹರಳೂ ಉಳಿದಿರಲಿಲ್ಲ.

ಬೆಳ್ಳುಳ್ಳಿ ಎಣ್ಣೆಗೆ ಬಿತ್ತು. ತಾಹೆರಾ ಫೋನು ಒತ್ತಿದಳು. "ಹ್ಞಾ, ಕೆಂಪಗಾಯ್ತು ನೋಡಿ" ಎಂದು ಸರಳಾ ಹೇಳುವುದಕ್ಕೂ, "ಎರಡು ನಿಮಿಷ" ಎಂದು ಫೋನು ಹೇಳುವುದಕ್ಕೂ ಸರಿಹೋಯಿತು. ಬಾಲರಾಜ್ ಕಂಪ್ಯೂಟರಿನಲ್ಲಿ ಎಡಗಡೆಯ ಪುಟ ತೆರೆದು ನೋಡಿದರು. ಉಪ್ಪು ಮುಕ್ಕಾಲು ಚಮಚ, ಬೆಳ್ಳುಳ್ಳಿ ಎರಡು ನಿಮಿಷ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದರು. ಅದೇ ಇತ್ತು. ಗಂಡ ಹೆಂಡತಿ ಇಬ್ಬರೂ ದಂಗುಬಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಅದೇ ಅಳತೆಯಲ್ಲಿ ತಾಹೆರಾ ಒಬ್ಬಳೇ ಒಂದು ಪಾತ್ರೆ ಬಸ್ಸಾರು ಮಾಡಿದಳು. ರುಚಿ ನೋಡಿ ಅವಳ ಮುಖ ಅರಳಿತು. "ಇದಾದ್ರೆ ನಮ್ಮತ್ತೆ ಇನ್ನೊಂದ್ ಸೌಟು ಕೇಳ್ತಾರೆ ಸಾರ್!" ಸರಳಾ ಕೂಡ ಅಂಗೈಗೆ ಹಾಕಿಕೊಂಡು ನೆಕ್ಕಿದರು, ಸ್ವಲ್ಪ ಹೊತ್ತು ಯೋಚಿಸಿದರು, ನಂತರ ಗಂಡನ ಕಡೆ ತಿರುಗಿದರು.

"ಆ ಟೀಚರಮ್ಮ ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ! ಕರೆಕ್ಟಾಗಿ ನನ್ನ ಕೈಯಳತೆ. ಇಂಥ ಪುಸ್ತಕಾನ ತಿದ್ದಿ ಹಾಳುಮಾಡಿ ಅಂತ ನಿಮಗ್ಯಾರ್ರೀ ಹೇಳಿದ್ದು?"

ಬಾಲರಾಜ್ ಬಾಯಿ ತೆರೆದರು. ಅಷ್ಟರಲ್ಲಿ ತಾಹೆರಾ ಬಹಳ ಮೃದುವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು:

"ಹೌದು ಸಾರ್. ಮನೇಲೇ ಇಂಥವರನ್ನ ಇಟ್ಕೊಂಡು, ಆಂಟೀನ ಒಂದ್ಮಾತು ಕೇಳ್ಬಾರ್ದಿತ್ತಾ?"

ಸರಳಾ ಸೌಟು ಹಿಡಿದು ಗಂಡನನ್ನೇ ನೋಡುತ್ತಿದ್ದರು. ಬಾಲರಾಜ್ ತೆರೆದ ಬಾಯಿ ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಇನ್ನೂ ನಲವತ್ತೊಂದು ಅಡಿಗೆ ಬಾಕಿಯಿದ್ದವು.