ಯಾರೂ ತಿರುಗಿ ನೋಡದ ಹೆಸರು

ಒಂದು ಹೆಸರಿಗಾಗಿ ನಾಲ್ಕು ತಾಲೂಕಿನ ಬಸ್‌ಸ್ಟ್ಯಾಂಡುಗಳಲ್ಲಿ ನಿಂತು ಕೂಗಿದ ಹೆಂಗಸು ನನ್ನ ನಾದಿನಿಯನ್ನು ಬಿಟ್ಟು ಭೂಮಿಯ ಮೇಲೆ ಇನ್ನೊಬ್ಬಳಿದ್ದರೆ ದಯವಿಟ್ಟು ಪರಿಚಯ ಮಾಡಿಸಿ. ಇಬ್ಬರನ್ನೂ ಎದುರುಬದುರು ಕೂಡಿಸಿ, ಚಹಾ ಕೊಟ್ಟು, ನಾನು ಸೇಫ್ ಡಿಸ್ಟೆನ್ಸಿನಲ್ಲಿ ಕುಳಿತು ನೋಡುತ್ತೇನೆ.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಅದರ ಅತ್ತೆ. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಎಂದು ಕೇಳಬೇಡಿ, ಕಾನ್ವೆಂಟಿನಲ್ಲಿ ಇದನ್ನು ಕಲಿಸಲಿಲ್ಲ. ನನಗೆ ಮಗಳಿಲ್ಲವಾದ್ದರಿಂದ ಮೊಮ್ಮಗನ ಕಿವಿಯೂ ಆ ಗುದ್ದುಗಳೂ ನಾದಿನಿಯ ಪಾಲಿಗೆ ಬಂದವು. ಮಗ, ಸೊಸೆ ಆರಿಸಿದ ಹೆಸರು 'ವ್ಯೋಮ'. ಆಕಾಶ ಎಂದರ್ಥ. ಬ್ಯೂಟಿಫುಲ್ ಎಂದೆ.

"ಬ್ಯೂಟಿಫುಲ್ ಇದ್ರ ಆತೇನ್ರಿ ವೈನಿ? ಸಾಲ್ಯಾಗ ನನ್ನ ಹೆಸರಿನವರು ಐದು ಮಂದಿ ಇದ್ವಿ. ಮಾಸ್ತರ್ರು ಕರದ್ರ ಐದೂ ಮಂದಿ ಏಳ್ತಿದ್ವಿ, ಪೆಟ್ಟು ಮಾತ್ರ ನನಗ. ಸಾವಿರ ಮಂದ್ಯಾಗ ಕರದ್ರೂ ನಮ್ಮ ಕೂಸು ಒಂದ ತಿರುಗಿ ನೋಡ್ಬೇಕು," ಎಂದಳು ನಾದಿನಿ. ಅತ್ತಿಗೆಯಾದ ನಾನು ಅವಳ ಬಾಯಲ್ಲಿ ವೈನಿ.

ಹೀಗೆ ಶುರುವಾಯಿತು ರಿಸರ್ಚ್. ಅವಳ ಹ್ಯಾಂಡ್‌ಬ್ಯಾಗ್ ಹಿಡಿಯಲು ನಾನು.

ಇಂಡಿಯಲ್ಲಿ ಲಿಂಬೆಹಣ್ಣಿನ ಚೀಲಗಳ ನಡುವೆ ನಿಂತು "ಏ ವ್ಯೋಮಾ" ಎಂದು ಕೂಗಿದಳು. ಒಂದು ಆಡು ಮಾತ್ರ ತಿರುಗಿತು. "ಆಡು ಲೆಕ್ಕಕ್ಕಿಲ್ರಿ," ಎಂದಳು. ಸಿಂದಗಿಯಲ್ಲಿ ಹೋಲಿಕೆಗೆ ಇರಲಿ ಎಂದು ಮೊದಲು 'ಆರವ್' ಎಂದು ಕರೆದಳು. ಏಳು ಹುಡುಗರು ಓಡಿ ಬಂದರು. ಅವರ ಅವ್ವಂದಿರೂ ಬಂದರು, ಅವರನ್ನು ಸಮಾಧಾನ ಮಾಡಿದ್ದು ನಾನು. ಆಮೇಲೆ 'ವ್ಯೋಮಾ' ಎಂದಳು. ಒಬ್ಬರೂ ಅಲ್ಲಾಡಲಿಲ್ಲ. ಅವಳ ಮುಖದಲ್ಲಿ ಎಂಥ ಬೆಳಕು!

ಆದರೆ ನಾಲಿಗೆಗೆ ಒಗ್ಗಬೇಕಲ್ಲ? ಮುದ್ದೇಬಿಹಾಳದಲ್ಲಿ ಕಂಡಕ್ಟರನ್ನು ಹಿಡಿದಳು.

"ಅಣ್ಣಾ, ವ್ಯೋಮ ಅನ್ರಿ ನೋಡೋಣ."

"ಅದೆಲ್ಲಿ ಬರ್ತೈತ್ರಿ ಅಕ್ಕಾರ? ನಮ್ಮ ಬಸ್ ತಾಳಿಕೋಟಿ ಮಟ ಅಷ್ಟ."

ಬಸವನ ಬಾಗೇವಾಡಿಯಲ್ಲಿ ಶೇಂಗಾ ಮಾರುವ ಬೊಚ್ಚುಬಾಯಿಯ ಅಜ್ಜಿ ಸಿಕ್ಕಳು. "ಅಂದ್ರ ಶೇಂಗಾ ತಗೋತೀಯೇನವ್ವಾ?" ಎಂದು ವ್ಯಾಪಾರ ಕುದುರಿಸಿಯೇ, ನಮ್ಮ ಕಾನ್ವೆಂಟಿನ ಎಲೊಕ್ಯೂಶನ್ ಸಿಸ್ಟರಿಗಿಂತ ಸ್ಪಷ್ಟವಾಗಿ ಹೇಳಿಬಿಟ್ಟಳು. ಹೆಸರು ಪಾಸಾಯಿತು. ತೊಟ್ಟಿಲ ದಿನ ನಾದಿನಿ ಅದನ್ನು ಕೂಸಿನ ಕಿವಿಯಲ್ಲಿ ಹೇಳಿ, ನಗುನಗುತ್ತಾ ಗುದ್ದು ತಿಂದಳು.

ಅಲ್ಲಿಂದ ಪ್ರತಿ ಭಾನುವಾರ ಬಂದು, ಕೂಸಿನ ಹಿಂದೆ ನಿಂತು ಕರೆಯುತ್ತಿದ್ದಳು. ಅವನು ತಿರುಗುತ್ತಿರಲಿಲ್ಲ. ಇನ್ನೂ ಸಣ್ಣವನು ಎಂದೆ. ನಿದ್ದೆಗಣ್ಣು ಎಂದೆ. ಐದನೆಯ ತಿಂಗಳಲ್ಲಿ ಒಂದು ಭಾನುವಾರ ಅವಳು ಅಡುಗೆಮನೆಗೆ ಹೋಗಿ, ಹಿಟ್ಟು ನಾದುವ ಸ್ಟೀಲಿನ ಪರಾತ ತಂದು, ಅವನ ತಲೆಯ ಹಿಂದೆ ನೆಲಕ್ಕೆ ಬೀಳಿಸಿದಳು. ಮನೆಯೆಲ್ಲ ಬೆಚ್ಚಿತು. ಅವನು ತನ್ನ ಕಾಲ್ಬೆರಳುಗಳೊಂದಿಗೆ ಆಡುತ್ತಲೇ ಇದ್ದ.

ಡಾಕ್ಟರರು ಎರಡು ಸಲ ಪರೀಕ್ಷೆ ಮಾಡಿ, ಎರಡೂ ಕಿವಿ ಕೇಳುತ್ತಿಲ್ಲ ಎಂದರು. ಮುಂದೆ ಮಷೀನು, ಆಪರೇಷನ್ನು, ಏನೇನೋ ದಾರಿಗಳಿವೆಯಂತೆ. ನಾವೆಲ್ಲ ಗೋಡೆಗೆ ಒರಗಿ ಕುಳಿತೆವು. ಪ್ರೇಯರ್ ಕೂಡ ನೆನಪಾಗಲಿಲ್ಲ ನನಗೆ.

ನಾದಿನಿ ಮಾತ್ರ ನೆಲದ ಮೇಲೆ ಕುಳಿತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಅವನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿ ಹಿಡಿದು "ವ್ಯೋಮಾ" ಎಂದಳು. ಮತ್ತೆ ಅಂದಳು. ಮತ್ತೆ. ಎಷ್ಟು ಸಲವೋ. ಅವನು ಆಡುವುದನ್ನು ನಿಲ್ಲಿಸಿದ. ಅವಳು ಸುಮ್ಮನಾದಾಗ ತಾನೇ ಕೈ ಚಾಚಿ ಅವಳ ಗಂಟಲು ತಡಕಿದ.

"ಇನ್ನೊಮ್ಮಿ ಅನ್ನು ಅಂತಾನ್ರಿ ವೈನಿ," ಎಂದಳು. ದನಿ ಬಿದ್ದುಹೋಗಿತ್ತು.

ಅವಳು ನೀರು ಕುಡಿದು ಬರುವವರೆಗೆ ನಾನು ಕೊರಳ ಸರ ತೆಗೆದಿಟ್ಟು, ಆ ಪುಟ್ಟ ಕೈಯನ್ನು ಅಲ್ಲಿ ಇಟ್ಟುಕೊಂಡೆ.