ಮುಳ್ಳುತಂತಿಯ ಲ್ಯಾಟಿನ್

ಬೆಳಗಿನ ಬಸ್ಸು ತಪ್ಪುತ್ತದೆಂದು ಕಾಶಿನಾಥ ಮನೆ ಮಾಲೀಕ ಮುನಿವೆಂಕಟಯ್ಯನ ಸೀಬೆ ತೋಟದ ಮುಳ್ಳುತಂತಿ ನುಸುಳಿದ. ತಂತಿ ಅವನನ್ನು ಸುಮ್ಮನೆ ಬಿಡಲಿಲ್ಲ. ಹೊಸ ಟೆರಿಕಾಟ್ ಅಂಗಿಯ ತೋಳನ್ನೂ ಅದರೊಳಗಿನ ತೋಳನ್ನೂ ಒಟ್ಟಿಗೇ ಹರಿದು ಕಳಿಸಿತು. ಬಸ್ಸೂ ಸಿಗಲಿಲ್ಲ.

ನೋವಿಗಿಂತ ಭಯ ದೊಡ್ಡದಾಗಿತ್ತು. ತಿಂಗಳಿಂದ ಆ ತೋಟದಲ್ಲಿ ಸೀಬೆ ಕಳುವಾಗುತ್ತಿತ್ತು. "ತಂತಿ ದಾಟ್ದೋನೇ ಕಳ್ಳ. ನಮ್ ಬಾಡ್ಗೆಯೋನಾದ್ರೂ ಸರಿ, ಅವತ್ತೇ ಸಾಮಾನು ಬೀದಿಗೆ" ಎಂದು ಮುನಿವೆಂಕಟಯ್ಯ ಜಕ್ಕೂರಿಗೆಲ್ಲ ಕೇಳುವಂತೆ ಸಾರಿದ್ದ. ಧಾರವಾಡದ ಕಡೆಯಿಂದ ಬಂದ, ಮದುವೆಯಾಗದ ಗುಮಾಸ್ತನಿಗೆ ಆ ಊರಲ್ಲಿ ಇನ್ನೊಂದು ಮನೆ ಹುಡುಕುವುದೆಂದರೆ ಬೋಳುತಲೆಯಲ್ಲಿ ಹೇನು ಹುಡುಕಿದಂತೆ.

ಹಿಂತಿರುಗುವಾಗ ಮುನಿವೆಂಕಟಯ್ಯನೇ ಚೊಂಬು ಹಿಡಿದು ಎದುರಾದ.

"ಇದೇನ್ ಸ್ವಾಮಿ ರಕ್ತ?"

"ಕಳ್ಳ ರೀ. ನಿಮ್ಮ ತೋಟದಾಗ ಇಳಿಯಾಕ ಹೊಂಟಿದ್ದ. ಹಿಡದೆ. ಚಾಕು ಬೀಸಿ ಓಡಿ ಹೋದ."

ಮುನಿವೆಂಕಟಯ್ಯ ಅವನನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಯಲಹಂಕದ ಡಾಕ್ಟರ ಹತ್ತಿರ ಒಯ್ದ. ಡಾಕ್ಟರು ಕೈ ನೋಡಿ "ಲ್ಯಾಸರೇಷನ್" ಎಂದಷ್ಟೇ ಹೇಳಿ ಬ್ಯಾಂಡೇಜು ಸುತ್ತಿದರು. ಮುನಿವೆಂಕಟಯ್ಯ ಆ ಪದವನ್ನು ಕೋಳಿಮೊಟ್ಟೆಯಂತೆ ಜೋಪಾನವಾಗಿ ಊರಿಗೆ ತಂದ.

"ಲ್ಯಾಸರೇಸನ್ ಆಗೈತೆ. ದೊಡ್ಡ ಚಾಕೇ ಇರ್ಬೇಕು."

"ನಮ್ ಭಾವನಿಗೂ ಅದೇ ಆಗಿತ್ತು. ಒಂದ್ ಕಿಡ್ನಿ ತೆಗೆದ್ರು" ಎಂದಳು ಪಕ್ಕದ ಮನೆ ವರಲಕ್ಷ್ಮಮ್ಮ.

ಮಾಲೀಕನ ಹೆಂಡತಿ ಮುನಿಗಂಗಮ್ಮ ಹಾಲು ತಂದಳು. "ಇಂಥೋರು ನಮ್ಮನೇಲಿ ಎಷ್ಟ್ ವರ್ಷ ಬೇಕಾದ್ರೂ ಇರ್ಲಿ" ಎಂದ ಮುನಿವೆಂಕಟಯ್ಯ. ಊಟವಾದ ಮೇಲೆ ಎಲೆಅಡಿಕೆಯ ಬದಲು ಇಂಗ್ಲಿಷ್ ನಿಘಂಟಿನ ಒಂದು ಪುಟ ಮೆಲ್ಲುತ್ತಿದ್ದವನು ಕಾಶಿನಾಥ. ಆ ಪದದ ಅರ್ಥ ಅವನ ನಾಲಿಗೆಯ ತುದಿಯಲ್ಲಿ ತುರಿಸುತ್ತಿತ್ತು. ಹಾಲಿನ ಜೊತೆ ನುಂಗಿಬಿಟ್ಟ.

ಮಧ್ಯಾಹ್ನ ಊರವರು ಎಳನೀರು ಮಾರುವ ವೆಂಕಟಸ್ವಾಮಿಯನ್ನು ಸೈಕಲ್ ಸಮೇತ ಎಳೆದು ತಂದರು. ಬೆಳಿಗ್ಗೆ ತೋಟದ ಹಿಂದೆ ನಿಂತಿದ್ದನಂತೆ. ಕೈಯಲ್ಲಿ ಮಚ್ಚು ಬೇರೆ.

"ಇವ್ನೇ ಅಲ್ವಾ?" ಎಂದ ಮುನಿವೆಂಕಟಯ್ಯ.

"ಅಲ್ರೀ. ಅವನ ಮಾರಿ ಬ್ಯಾರೆ."

"ಎದುರ್ಕೋಬೇಡಿ ಸ್ವಾಮಿ, ನಾವಿದೀವಿ. ಮರಕ್ಕೆ ಕಟ್ರೋ ಇವನ್ನ."

"ಅಣ್ಣಾ, ನೀವೇ ಹೇಳಿ" ಎಂದು ವೆಂಕಟಸ್ವಾಮಿ ಕೈ ಮುಗಿದ. ಆಗಲೇ ಯಾರೋ ಹಗ್ಗ ತಂದಿದ್ದರು. ಕಾಶಿನಾಥನಿಗೆ ತಡೆಯಲಾಗಲಿಲ್ಲ.

"ಬಿಡ್ರೀ ಅವನ್ನ. ಲ್ಯಾಸರೇಷನ್ ಅಂದ್ರ ಕೊಯ್ದ ಗಾಯ ಅಲ್ಲ." ಒಮ್ಮೆ ತೆರೆದ ನಿಘಂಟು ಮತ್ತೆ ಮುಚ್ಚಲಿಲ್ಲ. "ಲ್ಯಾಟಿನ್ನಿನ ಲಾಕೆರ್‌ನಿಂದ ಬಂದದ್ದು. ಲಾಕೆರ್ ಅಂದ್ರ ಹರಕು, ಚಿಂದಿ. ಮಚ್ಚಿನ ಗಾಯ ಆದ್ರ ಅಂಚು ನೆಟ್ಟಗ ಇರ್ತದ. ಇದು ನೋಡ್ರಿ, ಹಳೇ ಸೀರಿ ಹರದಂಗ ಹರದದ." ಬ್ಯಾಂಡೇಜನ್ನೇ ಬಿಚ್ಚಿ ತೋರಿಸಿದ.

ಮುನಿಗಂಗಮ್ಮ ಬಗ್ಗಿ ನೋಡಿದಳು. "ಔದು. ಮೊನ್ನೆ ನಮ್ಮೆಮ್ಮೆ ಕೆಚ್ಚಲು ತಂತಿಗೆ ಸಿಕ್ಕಿ ಇಂಗೇ ಅರ್ದಿತ್ತು."

ಎಲ್ಲರ ಕಣ್ಣು ಕೈಯಿಂದ ಮನೆ ಪಕ್ಕದ ತೋಟದ ತಂತಿಯ ಕಡೆಗೆ ಹೋಯಿತು. ಅಲ್ಲಿ ಟೆರಿಕಾಟ್ ಚೂರೊಂದು ಗಾಳಿಗೆ ಬಾವುಟದಂತೆ ಪಟಪಟಿಸುತ್ತಿತ್ತು.

"ನೀನಾ?" ಮುನಿವೆಂಕಟಯ್ಯನ ಬಾಯಿಂದ 'ಸ್ವಾಮಿ' ಎಂಬ ಮಾತು ಉದುರಿಹೋಗಿತ್ತು.

"ಬಸ್ಸಿಗೆ ಓಡಿದ್ದು ರೀ. ಪೇರಲಹಣ್ಣು ನಾ ಮುಟ್ಟಿಲ್ಲ."

"ಕದ್ದೋರೆಲ್ಲ ಬಸ್ಸಿಗೇ ಓಡೋದು."

ಟ್ರಂಕು, ಸ್ಟೌವು, ಹಾಸಿಗೆ, ಕೊನೆಗೆ ನಿಘಂಟು ಬೀದಿಗೆ ಬಂದವು. ವೆಂಕಟಸ್ವಾಮಿಗೆ ಹಾಲು ಸಿಕ್ಕಿತು.

ಜನ ಚದುರಿದ ಮೇಲೆ ಅವನು ಸೈಕಲ್ ತಳ್ಳಿಕೊಂಡು ಬಂದ. ಕಣ್ಣಲ್ಲಿ ನೀರು.

"ಅಣ್ಣಾ, ನನ್ಗೋಸ್ಕರ ಮನೆ ಕಳ್ಕೊಂಡ್ರಿ. ನಿಮ್ ಋಣ ಹೆಂಗ್ ತೀರಿಸ್ಲಿ?"

ಎಳನೀರಿನ ಗೋಣಿಯ ತಳಕ್ಕೆ ಕೈ ಹಾಕಿ ಎರಡು ದಪ್ಪ ಸೀಬೆ ಹಣ್ಣು ತೆಗೆದು ಕಾಶಿನಾಥನ ಎರಡೂ ಕೈಗಿಟ್ಟ. "ಇವತ್ ಬೆಳಿಗ್ಗೆ ಕಿತ್ತಿದ್ದು. ಈ ತೋಟದ್ದು ಬಲೇ ಸಿಹಿ" ಎಂದು ಸೈಕಲ್ ಹತ್ತಿ ಹೊರಟೇಹೋದ.

ಒಳಗೆ ಉಳಿದಿದ್ದ ಚಾಪೆಯನ್ನು ಎಸೆಯಲು ಬಂದ ಮುನಿಗಂಗಮ್ಮ ಹೊಸಿಲ ಮೇಲೆ ನಿಂತು ಅವನ ಕೈಗಳನ್ನು ನೋಡಿದಳು.

"ಇಗೋ, ಬನ್ನಿ ಇಲ್ಲಿ" ಎಂದು ಗಂಡನನ್ನು ಕೂಗಿದಳು. "ಇವ್ನತ್ರ ಇನ್ನೂ ಎರಡವೆ."